ಡೋಗೊನ್ ಕಣಜದ ಬಾಗಿಲು: ಅಸಲಿಯೋ, ನಕಲಿಯೋ?

ತೋಟದವ, ಸಕಲೇಶಪುರ: ಹಾಸನದಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ ಒಂದೂವರೆ ಅಡಿಯ ಮರದ ಬಾಗಿಲು ನೋಡಿದೆ. ಸಾಲಾಗಿ ನಿಂತ ಮನುಷ್ಯರ ಕೆತ್ತನೆ, ಮರದ್ದೇ ಚಿಲಕ. ಮಾಲಿ ದೇಶದ ಡೋಗೊನ್ ಜನರ ಕಣಜದ್ದು, ನೂರು ವರ್ಷ ಹಳೇದು ಅಂತಾರೆ. ನಂಬಬಹುದಾ?

ಹಳೇಮರ: ಮೊದಲು ಚಿಲಕ ಎಳೆದು ನೋಡಿ ಸರ್. ನಿಜವಾಗಿ ಬಳಸಿದ್ದಾದರೆ ಅದು ಜಾರುವ ಜಾಗ, ಕೈ ತಾಗುವ ಅಂಚು ಸವೆದು ನುಣುಪಾಗಿರುತ್ತದೆ, ನಮ್ಮಜ್ಜಿ ಮನೆ ಪತ್ತಾಯದ ಮುಚ್ಚಳದ ಹಾಗೆ. ಎಲ್ಲಾ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅನುಮಾನಪಡಿ. ಪ್ರವಾಸಿಗರಿಗೆಂದೇ ಮಾಡಿದ ಬಾಗಿಲುಗಳು ಜಾಸ್ತಿ.

ಗಿರಿ, ಚಿಕ್ಕಮಗಳೂರು: ಅಸಲಿಯಾದರೆ ತಲೆನೋವು ಇನ್ನೂ ದೊಡ್ಡದು, ಅಲ್ವಾ? ಹಳೇ ವಸ್ತು ಹೊರಗೆ ಸಾಗಿಸೋಕೆ ಮಾಲಿಯಲ್ಲಿ ಕಟ್ಟುನಿಟ್ಟಿನ ಕಾನೂನಿದೆ. ಡೋಗೊನ್ನರ ಬಾಂಡಿಯಾಗರಾ ಬಂಡೆಸಾಲು 1989ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕಾಗದಪತ್ರ ಕೇಳಿ.

ತೋಟದವ: ಚಿಲಕ ಎಳೆದೆ. ಅಲ್ಲಾಡಲೇ ಇಲ್ಲ, ಗೋಂದು ಹಾಕಿ ಅಂಟಿಸಿದ್ದಾರೆ!