‘ಪಿಗ್ಮೇಲಿಯನ್’ ಕನ್ನಡಕ್ಕೆ: ಯಾವ ಪಠ್ಯ, ಯಾವ ಬೈಗುಳ, ಯಾವ ಕೊನೆ?

ಹೂಬುಟ್ಟಿ:
ಹೂ ಮಾರುವ ಎಲೈಜಾಗೆ ಉಚ್ಚಾರ ತಜ್ಞ ಹಿಗ್ಗಿನ್ಸ್ ಮೇಲ್ವರ್ಗದ ಮಾತು ಕಲಿಸುವ ಬರ್ನಾರ್ಡ್ ಶಾ ಅವರ ನಾಟಕ ‘ಪಿಗ್ಮೇಲಿಯನ್’ನಿಂದ ಇಡೀ ಮೂರನೇ ಅಂಕ, ಜೊತೆಗೆ ಐದನೇ ಅಂಕದ ಕೊನೆಯ ಭಾಗವನ್ನು ಕನ್ನಡಕ್ಕೆ ತರಬೇಕಿದೆ. ಒಂದು ಗಂಟೆಯ ಪ್ರಯೋಗ, ಎಂಟು ನಟರು. ಕೈಗೆ ಸಿಕ್ಕ ಎರಡು ಪಠ್ಯಗಳು ತಾಳೆಯಾಗುತ್ತಿಲ್ಲ: ಒಂದರಲ್ಲಿ ರಾಯಭಾರ ಕಚೇರಿಯ ಔತಣಕೂಟವಿದೆ, ಇನ್ನೊಂದರಲ್ಲಿ ಇಲ್ಲ. ಉಚ್ಚಾರ ಪಾಠದ ಪ್ರಸಿದ್ಧ ಸಾಲು ‘ರೇನ್ ಇನ್ ಸ್ಪೇನ್’ ಮಾತ್ರ ಎರಡರಲ್ಲೂ ಇಲ್ಲ! ಅನುಮತಿ ಬೇಕೇ? ಎಲೈಜಾ ಬಾಯಲ್ಲಿ ಯಾವ ಕನ್ನಡ? ಕೊನೆಗೆ ಅವಳು ಹಿಗ್ಗಿನ್ಸ್ ಬಳಿಗೆ ವಾಪಸ್ ಬರಬೇಕೋ ಬೇಡವೋ?

ಸೈಡ್‌ವಿಂಗ್:
ಮೊದಲು ಪಠ್ಯದ ಗೊಂದಲ. ನಾಟಕ 1913ರಲ್ಲಿ ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ, 1914ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂತು. 1916ರ ಪುಸ್ತಕಕ್ಕೆ ಶಾ ಒಂದು ಗದ್ಯ ಅನುಬಂಧ ಸೇರಿಸಿದರು: ಎಲೈಜಾ ತನ್ನನ್ನು ಮೆಚ್ಚಿದ ಯುವಕ ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ಇಡುತ್ತಾಳೆ. 1938ರ ಸಿನಿಮಾಕ್ಕೆ ಬರೆದ ಕೆಲವು ದೃಶ್ಯಗಳು 1941ರ ಆವೃತ್ತಿಯೊಳಗೆ ಬಂದವು. ನಿಮ್ಮ ಔತಣಕೂಟ ಬಂದದ್ದು ಅಲ್ಲಿಂದ. ಎಂಟೇ ನಟರಿದ್ದರೆ ಅದನ್ನು ಮುಟ್ಟಬೇಡಿ. ಸೇವಕಿಯನ್ನು ಸೇರಿಸಿ ಮೂರನೇ ಅಂಕಕ್ಕೆ ಸರಿಯಾಗಿ ಎಂಟು ಜನ ಬೇಕು.

‘ರೇನ್ ಇನ್ ಸ್ಪೇನ್’ ಮೂಲ ನಾಟಕದ್ದಲ್ಲ. ಆ ವಾಕ್ಯ 1938ರ ಸಿನಿಮಾದಲ್ಲಿ ಹುಟ್ಟಿತು, 1956ರ ‘ಮೈ ಫೇರ್ ಲೇಡಿ’ ಸಂಗೀತನಾಟಕದಲ್ಲಿ ಹಾಡಾಯಿತು.

ಹಕ್ಕುಗಳ ವಿಚಾರ: ಶಾ ತೀರಿಕೊಂಡದ್ದು 1950ರಲ್ಲಿ. ನಮ್ಮ ಕಾನೂನಿನಂತೆ 60 ವರ್ಷ 2010ಕ್ಕೆ ಮುಗಿಯಿತು, ಹಾಗಾಗಿ ನಾಟಕವನ್ನು ಅನುವಾದಿಸಿ ಆಡಲು ಯಾರನ್ನೂ ಕೇಳಬೇಕಿಲ್ಲ. ಹಾಡುಗಳ ಕತೆ ಬೇರೆ. ಸಾಹಿತ್ಯ ಬರೆದ ಲರ್ನರ್ 1986ರವರೆಗೆ, ರಾಗ ಹಾಕಿದ ಲೋ 1988ರವರೆಗೆ ಬದುಕಿದ್ದರು. ಹಿನ್ನೆಲೆಯಲ್ಲಿ ಒಂದು ಹಾಡು ಹಾಕಿದರೂ ಪರವಾನಗಿ ಬೇಕು. ಹಾಗೆಯೇ ಜಯಂತ ಕಾಯ್ಕಿಣಿಯವರ ‘ಸೇವಂತಿ ಪ್ರಸಂಗ’ ಇದೇ ನಾಟಕದ ರೂಪಾಂತರ. ಓದಲೇಬೇಕು, ಆದರೆ ಅದರ ಸಾಲು ಎತ್ತಿಕೊಳ್ಳುವುದಾದರೆ ಅವರ ಒಪ್ಪಿಗೆ ಬೇಕು.

ಹಕಾರ:
ಭಾಷೆಯ ಬಗ್ಗೆ. ದಯವಿಟ್ಟು ಎಲೈಜಾಗೆ ಧಾರವಾಡದ್ದೋ ಮಂಗಳೂರಿನದೋ ಕನ್ನಡ ಕೊಡಬೇಡಿ. ಮೂಲದಲ್ಲಿ ಅವಳು ಆಡುವ ಕಾಕ್ನಿ ದೂರದ ಊರಿನ ಭಾಷೆಯಲ್ಲ, ಅದೇ ಲಂಡನ್ನಿನ ಬಡವರದು. ಪ್ರದೇಶವನ್ನು ತಂದರೆ ವರ್ಗದ ಪ್ರಶ್ನೆ ಮಾಯವಾಗಿ, ಊರನ್ನು ಗೇಲಿ ಮಾಡಿದ ಹಾಗಾಗುತ್ತದೆ.

ಅದೃಷ್ಟಕ್ಕೆ ಕಾಕ್ನಿಯ ಮುಖ್ಯ ಗುರುತಾದ ಹಕಾರ ಬಿಡುವುದು ನಮ್ಮಲ್ಲೂ ಇದೆ. ಹೂ ಮಾರುವವಳು ‘ಊವು’ ಎಂದರೆ ಸಾಕು, ಅರ್ಧ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಹೂವಿಗೆ ಈ ಸೌಕರ್ಯ ಇಲ್ಲ!

ಆದರೆ ಹಿಗ್ಗಿನ್ಸ್ ತಾಯಿಯ ಮನೆಯಲ್ಲಿ ಅತಿಥಿಗಳ ಮುಂದೆ ಅವಳ ಮಾತಿನ ಮೊದಲ ಪರೀಕ್ಷೆ ನಡೆಯುವ ಮೂರನೇ ಅಂಕದಲ್ಲಿ ಒಂದು ಹಕಾರವೂ ಬೀಳಬಾರದು. ಹೆಚ್ಚಿನ ಪ್ರಯೋಗಗಳು ಎಡವುವುದು ಇಲ್ಲೇ: ನಗು ಬರಲಿ ಎಂದು ನಟಿ ಹಳೆಯ ಉಚ್ಚಾರಕ್ಕೆ ಜಾರುತ್ತಾಳೆ. ಅಲ್ಲಿಗೆ ಅವಳು ಏನೂ ಕಲಿತಿಲ್ಲ ಎಂದಾಯಿತು, ದೃಶ್ಯ ಸತ್ತಿತು. ಉಚ್ಚಾರ ಅಪ್ಪಟ ಶುದ್ಧ, ವಿಷಯ ಮಾತ್ರ ಬೀದಿಯದು. ತಮಾಷೆ ಇರುವುದು ಆ ಅಂತರದಲ್ಲಿ. ಹವಾಮಾನದ ಮಾತಿಗೆ ಆಕಾಶವಾಣಿಯ ಧಾಟಿ ಸಿದ್ಧವಾಗಿದೆ: ‘ಪಶ್ಚಿಮದಲ್ಲಿ ಉಂಟಾಗಿರುವ ವಾಯುಭಾರ ಕುಸಿತವು ನಿಧಾನವಾಗಿ ಪೂರ್ವಾಭಿಮುಖವಾಗಿ ಚಲಿಸುವ ಸಂಭವವಿದೆ.’ ಚಿಕ್ಕಮ್ಮನ ಸಾವಿನ ಸುದ್ದಿಯೂ ಅದೇ ದನಿಯಲ್ಲಿ ಬರಲಿ: ‘ಟೋಪಿಯನ್ನು ಲಪಟಾಯಿಸಿದವರೇ ಆಕೆಯನ್ನು ಮುಗಿಸಿಬಿಟ್ಟರು.’

ಸೈಡ್‌ವಿಂಗ್:
ಒಂದು ತಿದ್ದುಪಡಿ. ಮೂಲದಲ್ಲಿ ಆ ಹೊತ್ತಿಗೆ ಅವಳ ವ್ಯಾಕರಣವೂ ಕೆಟ್ಟಿರುತ್ತದೆ, ಉಚ್ಚಾರ ಮಾತ್ರ ನೆಟ್ಟಗಿರುತ್ತದೆ. ಆದರೆ ಕನ್ನಡದಲ್ಲಿ ವಿಭಕ್ತಿ ಕೆಡಿಸಿದರೆ ಉಚ್ಚಾರವೇ ಕೆಟ್ಟಂತೆ ಕೇಳುತ್ತದೆ. ಆದ್ದರಿಂದ ನಿಮ್ಮ ದಾರಿಯೇ ಸರಿ.

ಹೂಬುಟ್ಟಿ:
ಹಾಗಾದರೆ ಆ ಅಂಕದಲ್ಲಿ ಎಲೈಜಾ ಆಡುವ ಆ ಪ್ರಸಿದ್ಧ ಬೈಗುಳ ‘ಬ್ಲಡಿ’ಗೆ ಏನು ಹಾಕುವುದು?

ಹಕಾರ:
1914ರಲ್ಲಿ ಅದು ಹಗರಣ. 1956ರ ಹೊತ್ತಿಗೆ ಸವೆದುಹೋಗಿತ್ತು, ಹಾಗಾಗಿ ಸಂಗೀತನಾಟಕದವರು ಎಲೈಜಾಳನ್ನು ಆಸ್ಕಾಟ್ ಕುದುರೆ ಜೂಜಿಗೆ ಒಯ್ದು ಬೇರೆ ಬೈಗುಳ ಹೇಳಿಸಿದರು. ಪದ ಆರಿಸುವಾಗ ಅತಿಥಿಯಾಗಿ ಬಂದಿರುವ ಫ್ರೆಡ್ಡಿಯ ಸಹೋದರಿ ಕ್ಲಾರಾಳನ್ನು ಮರೆಯಬೇಡಿ. ಹೊರಡುವ ಮೊದಲು ಅವಳು ಅದೇ ಪದವನ್ನು ಹೊಸ ಫ್ಯಾಶನ್ ಎಂದು ತಿಳಿದು ಬಳಸುತ್ತಾಳೆ. ತೀರಾ ಅಶ್ಲೀಲವಾದದ್ದು ಹಾಕಿದರೆ ಅವಳ ಬಾಯಿಗೆ ಕೂರುವುದಿಲ್ಲ, ತೀರಾ ಸಪ್ಪೆಯಾದರೆ ಅವಳ ತಾಯಿ ಬೆಚ್ಚುವುದಿಲ್ಲ. ‘ನನ್ಮಗಂದು’ ಎರಡೂ ಕಡೆ ನಿಲ್ಲುತ್ತದೆ: ‘ನಡೆದುಕೊಂಡಾ? ನನ್ಮಗಂದು, ಯಾರು ನಡೀತಾರೆ! ನಾನು ಟ್ಯಾಕ್ಸಿಯಲ್ಲಿ ಹೋಗುತ್ತೇನೆ.’ ಆಮೇಲೆ ಕ್ಲಾರಾ: ‘ನನ್ಮಗಂದು ಮಡಿವಂತಿಕೆ!’ ಇವೆರಡರ ನಡುವಿನ ಮಾತುಗಳನ್ನು ಕತ್ತರಿಸಬೇಡಿ, ನಗು ಇಳಿಯಲು ಅಷ್ಟು ಜಾಗ ಬೇಕು.

ನೇಪಥ್ಯ:
ಇನ್ನೊಂದು ವಿಷಯ, ಇಂಗ್ಲಿಷಿನಲ್ಲಿ ಇಲ್ಲದ್ದು: ನೀನು–ನೀವು. ತನ್ನ ನಿಜವಾದ ಶಿಕ್ಷಣ ಶುರುವಾದದ್ದು ಹಿಗ್ಗಿನ್ಸ್‌ನ ಗೆಳೆಯ ಪಿಕರಿಂಗ್ ತನ್ನನ್ನು ‘ಮಿಸ್ ಡೂಲಿಟಲ್’ ಎಂದು ಕರೆದ ದಿನ ಎನ್ನುತ್ತಾಳೆ ಎಲೈಜಾ. ಕನ್ನಡದಲ್ಲಿ ಪಿಕರಿಂಗ್ ಮೊದಲಿನಿಂದ ‘ನೀವು’ ಎಂದರೆ ಆ ಮಾತಿಗೆ ಬೇರೆ ವಿವರಣೆಯೇ ಬೇಡ. ಹಿಗ್ಗಿನ್ಸ್ ಅವಳಿಗೆ ‘ನೀನು’ ಅನ್ನುತ್ತಾನೆ, ಸರಿ. ಆದರೆ ಅವನು ಪಿಕರಿಂಗ್‌ನನ್ನೂ ‘ನೀನು’ ಎಂದೇ ಕರೆಯಲಿ. ಇಲ್ಲದಿದ್ದರೆ ಐದನೇ ಅಂಕದಲ್ಲಿ ‘ನಾನು ಎಲ್ಲರನ್ನೂ ಒಂದೇ ತರಹ ನೋಡುತ್ತೇನೆ’ ಎಂಬ ಅವನ ವಾದ ಸುಳ್ಳಾಗುತ್ತದೆ.

ಕೊನೆ: ಅವಳನ್ನು ವಾಪಸ್ ಕರೆತಂದದ್ದು ಶಾ ಅಲ್ಲ. 1914ರಲ್ಲೇ ಹಿಗ್ಗಿನ್ಸ್ ಪಾತ್ರದ ಬೀರ್ಬೋಮ್ ಟ್ರೀ ಪರದೆ ಬೀಳುವ ಮುನ್ನ ಎಲೈಜಾಗೆ ಹೂ ಎಸೆದು ಪ್ರೇಮಕತೆ ಮಾಡಿದರು, ಶಾ ಸಿಟ್ಟಾದರು. 1938ರ ಸಿನಿಮಾದಲ್ಲಿ ಅವಳು ಮರಳುತ್ತಾಳೆ, ಅವನು ಚಪ್ಪಲಿ ಎಲ್ಲಿ ಎನ್ನುತ್ತಾನೆ. ಸಂಗೀತನಾಟಕ, ಅದರ 1964ರ ಸಿನಿಮಾ ಎರಡೂ ಅದನ್ನೇ ಹಿಡಿದವು. ಸಂಗೀತನಾಟಕದ 2018ರ ನ್ಯೂಯಾರ್ಕ್ ಪ್ರಯೋಗದಲ್ಲಿ ಅವಳು ಹೊರಟೇ ಹೋದಳು.

ನಾಟಕದೊಳಗೇ ಎರಡು ಕೊನೆಗಳಿವೆ. ಹಿಗ್ಗಿನ್ಸ್ ಹ್ಯಾಮ್, ಚೀಸ್, ಎಂಟನೇ ನಂಬರಿನ ಕೈಗವಸು, ಟೈ ತರಲು ಹೇಳುತ್ತಾನೆ. ಹಳೆಯ ಪಠ್ಯದಲ್ಲಿ ಅವಳ ಉತ್ತರ, ನೀವೇ ಕೊಂಡುಕೊಳ್ಳಿ. 1941ರದ್ದರಲ್ಲಿ ಎಂಟನೇ ನಂಬರು ನಿಮಗೆ ಚಿಕ್ಕದಾಗುತ್ತದೆ, ಹ್ಯಾಮಿಗೆ ಬೆಳಿಗ್ಗೆಯೇ ಫೋನ್ ಮಾಡಿಯಾಗಿದೆ ಎಂದೆಲ್ಲ ಹೇಳಿ, ನಾನಿಲ್ಲದೆ ನೀವೇನು ಮಾಡುತ್ತೀರೋ ಎಂದು ಹೊರಡುತ್ತಾಳೆ. ನನ್ನ ಮತ ಎರಡನೆಯದಕ್ಕೆ. ಅವಳಿಗೆ ಅವನಿಗಿಂತ ಹೆಚ್ಚು ಗೊತ್ತು ಎಂಬುದು ಅಲ್ಲಿ ಕಾಣುತ್ತದೆ. ‘ನೀವು’ ಬಿಡಬೇಡಿ, ಆ ಗಳಿಗೆಯಲ್ಲಿ ಬಹುವಚನವೇ ಹೆಚ್ಚು ತಣ್ಣಗಿರುತ್ತದೆ. ಅವಳು ಹೋದ ಮೇಲೆ ಹಿಗ್ಗಿನ್ಸ್ ನಗಬೇಕು. ಅವನು ಬಾಗಿಲನ್ನೇ ನೋಡುತ್ತ ನಿಂತರೆ ಟ್ರೀ ಎಸೆದ ಹೂವೇ ಮತ್ತೆ ಬಂದ ಹಾಗೆ.