ಸಹಾಯ ಬೇಕು: ಕೆಂಡದ ಮೇಲೆ ಅನಾನಸ್ ಕೇಕ್ ಬೇಯಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ರಜೆಗೆ ನಾವು ಐದು ಜನ ಹೇಮಾವತಿ ಹಿನ್ನೀರಿನಲ್ಲಿ ಕೆನೋ ದೋಣಿ ಹಾಕ್ತಿದ್ದೇವೆ. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿಕೊಂಡು, ರಾತ್ರಿ ದಡದಲ್ಲಿರೋ ಚಿಕ್ಕಪ್ಪನ ತೋಟದಲ್ಲೇ ಉಳಿಯೋದು. ಅಮ್ಮನೂ ಮೊದಲ ಸಲ ಬರ್ತಿದ್ದಾರೆ. ಅವರಿಗೆ ಬಿಸಿಬಿಸಿ ಹಣ್ಣಿನ ಕೇಕ್ ತಿನ್ನಿಸಬೇಕು ಅಂತ ನನಗೆ ತುಂಬಾ ಆಸೆ. ಮೊಟ್ಟೆ ಹಾಕೋ ಹಾಗಿಲ್ಲ.

ಹೋದ ವಾರ ಹಿತ್ತಲಲ್ಲಿ ಪ್ರಯತ್ನಿಸಿದೆ. ದಪ್ಪ ತಳದ ಕಬ್ಬಿಣದ ಪಾತ್ರೆ, ಅಡಿಯಲ್ಲಿ ಬೆಲ್ಲ, ಅನಾನಸ್ ಹೋಳು, ಮೇಲೆ ಮೈದಾ, ಮೊಸರು, ತುಪ್ಪ, ಬೇಕಿಂಗ್ ಪೌಡರ್ ಕಲಸಿದ ಹಿಟ್ಟು. ಸಿಲ್ವರ್ ಓಕ್ ಸೌದೆ ಉರಿಯ ಮೇಲೆ ನೇರವಾಗಿ ಇಟ್ಟೆ. ಇಪ್ಪತ್ತು ನಿಮಿಷಕ್ಕೆ ಬೆಲ್ಲ ಕರಿದಾಗಿ ಕಹಿ, ಮೇಲಿನ ಹಿಟ್ಟು ಹಸಿ ಹಸಿ. ಹಣ್ಣಿಗೂ ಕಬ್ಬಿಣದ ರುಚಿ ಬಂತು, ಹುಳಿಗೆ ಹಾಗಾಗುತ್ತಂತೆ.

ಉರಿಯಲ್ಲ, ಕೆಂಡ ಬೇಕು, ಅದರಲ್ಲೂ ಮೂರರಲ್ಲಿ ಎರಡು ಪಾಲು ಮುಚ್ಚಳದ ಮೇಲೆ ಅಂತ ಆಮೇಲೆ ಗೊತ್ತಾಯಿತು. ಈಗ ಅಂಚು ಎತ್ತರದ ಮುಚ್ಚಳ ಹುಡುಕಿಟ್ಟಿದ್ದೇನೆ. ಕಾಫಿ ಗಿಡದ ಸೌದೆಯೂ ಇದೆ.

ಮಾಡಿ ನೋಡಿದವರು ದಯವಿಟ್ಟು ಹೇಳಿ: ತಳಕ್ಕೆ ಬಾಳೆಲೆ ಹಾಸಿದರೆ ಸಾಕಾ, ಎರಡು ಪದರ ಬೇಕಾ? ಅನಾನಸ್ ಮೊದಲೇ ಹುರಿದು ನೀರು ಇಂಗಿಸಬೇಕಾ? ಇಲ್ಲಾ, ಪುಟ್ಟಬಾಳೆ ಹಣ್ಣೇ ಸುಲಭವಾ? ನೀರಿನ ಕಡೆಯಿಂದ ಗಾಳಿ ಬೀಸಿದರೆ ಕೆಂಡ ಬೇಗ ಬೂದಿಯಾಗುತ್ತೆ, ಅದಕ್ಕೇನು ಮಾಡ್ತೀರಿ? ಭಾನುವಾರ ಇನ್ನೊಂದು ಸಲ ಮಾಡ್ತೇನೆ, ಅಷ್ಟರೊಳಗೆ ತಿಳಿಸಿದರೆ ದೊಡ್ಡ ಉಪಕಾರ.