ಒಂಬತ್ತು ದಿನದ ಕೂಸಿಗೆ ಎದೆಹಾಲು ಸಾಲುತ್ತಿದೆಯೇ? ಅನುಭವಸ್ಥರು ತಿಳಿಸಿ

ಕೇಳಿದವರು: ದಾವಣಗೆರೆಯ ಒಬ್ಬ ಬಾಣಂತಿ

ಇದು ನನ್ನ ಚೊಚ್ಚಲ ಹೆರಿಗೆ. ಸಿಸೇರಿಯನ್ ಆಗಿ ಇಂದಿಗೆ ಒಂಬತ್ತು ದಿನಗಳಾದವು, ತವರಿನಲ್ಲಿದ್ದೇನೆ. ಮಗಳು ಹುಟ್ಟಿದಾಗ 2 ಕೆ.ಜಿ. 900 ಗ್ರಾಂ ಇದ್ದಳು. ಐದನೆಯ ದಿನ ಆಸ್ಪತ್ರೆಯಿಂದ ಹೊರಡುವಾಗ 2 ಕೆ.ಜಿ. 690 ಗ್ರಾಂಗೆ ಇಳಿದಿದ್ದಳು. ಗಂಟೆಗೊಮ್ಮೆ ಅಳುತ್ತಾಳೆ, ಸಂಜೆಯಾದರೆ ಮೊಲೆ ಬಿಡುವುದೇ ಇಲ್ಲ. ಎಡಗಡೆಯ ತೊಟ್ಟು ಬಿರಿದು ರಕ್ತ ಬಂದಿರುವುದರಿಂದ ಅವಳನ್ನು ಎತ್ತಿಕೊಂಡೊಡನೆ ನನಗೆ ನೋವಿನ ಭಯ ಶುರುವಾಗುತ್ತದೆ. ಕೂಸನ್ನು ನೋಡಲು ಬಂದವರೆಲ್ಲ ‘ಹಾಲು ಸಾಲುತ್ತಿಲ್ಲ’ ಎನ್ನುತ್ತಿದ್ದಾರೆ, ಡಬ್ಬಿ ಹಾಲನ್ನೂ ತಂದಿಟ್ಟಿದ್ದಾರೆ. ಹಾಲು ನಿಜವಾಗಿಯೂ ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ? ಕೆಲವು ತಿಂಗಳ ನಂತರ ಕೆಲಸಕ್ಕೆ ಮರಳಬೇಕಾಗಿದೆ, ಆಗ ಏನು ಮಾಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ, ಇಬ್ಬರು ಮಕ್ಕಳ ತಾಯಿ

ನಿಮ್ಮ ಪ್ರಶ್ನೆಯನ್ನು ಓದುವಾಗ ಏಳು ವರ್ಷಗಳ ಹಿಂದಿನ ನನ್ನ ಬಾಣಂತನವೇ ಕಣ್ಣ ಮುಂದೆ ಬಂತು. ನನ್ನ ಎದೆಯನ್ನು ಮುಟ್ಟಿ ನೋಡಿ ‘ಮೆತ್ತಗಿದೆ, ಹಾಲಿಲ್ಲ’ ಎಂದವರ ಮಾತನ್ನು ನಂಬಿ, ಮೊದಲ ಮಗನಿಗೆ ಮೂರನೆಯ ವಾರದಿಂದಲೇ ಡಬ್ಬಿ ಹಾಲು ಹಾಕಿದೆ. ಅದನ್ನು ಕುಡಿದು ಅವನು ಹೆಚ್ಚು ಹೊತ್ತು ಮಲಗಿದ. ಅವನು ಮಲಗಿದಷ್ಟು ಹೊತ್ತು ಎದೆ ಬರಿದಾಗಲಿಲ್ಲ. ಬರಿದಾಗದ ಎದೆಯಲ್ಲಿ ಹಾಲು ಹುಟ್ಟುವುದು ಕಡಿಮೆಯಾಯಿತು. ಎರಡು ತಿಂಗಳಿಗೆ ಪೂರ್ತಿ ಬತ್ತಿಹೋಯಿತು. ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತಲ್ಲ, ಕೂಸು ಎಳೆದಷ್ಟೂ ಊರುತ್ತದೆ ಎಂಬುದನ್ನು ಆಗ ಯಾರಾದರೂ ನನಗೆ ಹೇಳಿದ್ದರೆ ಎಂದು ಇಂದಿಗೂ ಅನ್ನಿಸುತ್ತದೆ.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಕೂಸಿನ ಅಳುವಾಗಲಿ, ನಿಮ್ಮ ಎದೆಯ ಗಾತ್ರವಾಗಲಿ, ಹಿಂಡಿದಾಗ ಬರುವ ಹಾಲಿನ ಅಳತೆಯಾಗಲಿ ಸಾಕ್ಷಿಯಲ್ಲ. ನೀವು ನೋಡಬೇಕಾದದ್ದು ಎರಡೇ: ಲಂಗೋಟಿ ಮತ್ತು ತೂಕ. ಐದು ದಿನ ತುಂಬಿದ ಕೂಸು 24 ಗಂಟೆಗಳಲ್ಲಿ ಕನಿಷ್ಠ ಆರು ಬಾರಿ ಚೆನ್ನಾಗಿ ಮೂತ್ರ ಮಾಡಬೇಕು, ಮೂತ್ರ ತಿಳಿಯಾಗಿರಬೇಕು. ಮೊದಲ ದಿನಗಳ ಕಪ್ಪು ಮಲ ಹೋಗಿ ಹಳದಿಗೆ ತಿರುಗಿರಬೇಕು. ಹಗಲಿನಲ್ಲಾದರೂ ಡೈಪರ್ ಬಿಟ್ಟು ಬಟ್ಟೆಯ ಲಂಗೋಟಿ ಕಟ್ಟಿದರೆ ಎಣಿಸುವುದು ಸುಲಭ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ನಿಮ್ಮ ಮಗಳು ಇಳಿದಿರುವುದು ಶೇಕಡ 7ರ ಆಸುಪಾಸಿನಲ್ಲಿದೆ. ಶೇಕಡ 10ನ್ನು ಮೀರಿದ್ದರೆ ಖಂಡಿತ ವೈದ್ಯರ ಬಳಿ ಹೋಗಬೇಕಿತ್ತು. ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು, ಆಮೇಲೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಆಶಾ ಕಾರ್ಯಕರ್ತೆಯವರು 14ನೆಯ ದಿನ ಮನೆಗೆ ಬಂದು ತೂಕ ನೋಡುವುದು ಕ್ರಮ. ಬಾರದಿದ್ದರೆ ನೀವೇ ಕರೆ ಮಾಡಿ ಕರೆಸಿಕೊಳ್ಳಿ, ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಸಂಜೆಯ ಹೊತ್ತು ಮೊಲೆ ಬಿಡದೆ ಕುಡಿಯುವುದು ಹಸುಗೂಸುಗಳ ರೂಢಿ. ನನ್ನ ಮಗಳು ಆರು ಗಂಟೆಯಿಂದ ಹತ್ತರವರೆಗೂ ಹಾಗೆಯೇ ಮಾಡುತ್ತಿದ್ದಳು. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಕುಡಿಸಬೇಕಾಗುತ್ತದೆ, ಎರಡು–ಮೂರು ವಾರಕ್ಕೆ ಹಾಗೂ ಆರನೆಯ ವಾರಕ್ಕೆ ಇನ್ನೂ ಹೆಚ್ಚು ಕೇಳಬಹುದು. ಅದು ಹಾಲು ಕಡಿಮೆಯಾಗಿರುವುದರ ಗುರುತಲ್ಲ, ನಾಳೆಗೆ ಹೆಚ್ಚು ಹಾಲು ಬೇಕೆಂದು ಕೂಸು ಇಂದೇ ಹೇಳಿಡುವ ರೀತಿ.

ಇನ್ನು ನೋವಿನ ವಿಷಯ. ಮೊದಲ ಕೆಲವು ಗುಟುಕಿಗೆ ಸ್ವಲ್ಪ ಚುರುಕ್ಕೆನ್ನಬಹುದು, ಆದರೆ ಕುಡಿಸುವಷ್ಟು ಹೊತ್ತೂ ನೋಯುತ್ತಿದ್ದರೆ ಕೂಸು ತೊಟ್ಟನ್ನಷ್ಟೇ ಕಚ್ಚಿಕೊಂಡಿದೆ ಎಂದು ತಿಳಿಯಬೇಕು. ಅವಳ ತಲೆಯನ್ನಷ್ಟೇ ತಿರುಗಿಸದೆ ಇಡೀ ಮೈಯನ್ನು ನಿಮ್ಮ ಕಡೆಗೆ ತಿರುಗಿಸಿ, ಹೊಟ್ಟೆಗೆ ಹೊಟ್ಟೆ ತಾಗುವಂತೆ ಹಿಡಿದುಕೊಳ್ಳಿ. ಮೂಗು ತೊಟ್ಟಿನ ನೇರಕ್ಕಿರಲಿ. ತೊಟ್ಟಿನಿಂದ ಮೇಲ್ದುಟಿಯನ್ನು ಸವರಿ, ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವವರೆಗೆ ಕಾದು, ಆಗ ಕೂಸನ್ನು ಎದೆಯ ಹತ್ತಿರಕ್ಕೆ ತನ್ನಿ. ನೀವು ಬಗ್ಗಿ ಎದೆಯನ್ನು ಅವಳ ಬಾಯಿಗೆ ತುರುಕಬೇಡಿ. ಸರಿಯಾಗಿ ಹಿಡಿದಾಗ ಗದ್ದ ಎದೆಗೆ ಒತ್ತಿರುತ್ತದೆ, ಕೆಳದುಟಿ ಹೊರಕ್ಕೆ ಮಡಿಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆಯೇ ಹೆಚ್ಚು ಕಾಣುತ್ತದೆ, ಗುಟುಕು ನುಂಗುವ ಸದ್ದು ಕೇಳಿಸುತ್ತದೆ. ಸರಿ ಹೋಗದಿದ್ದರೆ ಎಳೆದು ಬಿಡಿಸದೆ, ಬಾಯಿಯ ಮೂಲೆಯಲ್ಲಿ ನಿಮ್ಮ ಕಿರುಬೆರಳನ್ನು ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ನಾನು ಒಂದೇ ಹೊತ್ತಿಗೆ ಐದಾರು ಬಾರಿ ಹೀಗೆ ಮಾಡಿದ್ದುಂಟು. ಬಿರಿದ ತೊಟ್ಟಿಗೆ ಕುಡಿಸಿದ ನಂತರ ನಿಮ್ಮ ಹಾಲನ್ನೇ ಎರಡು ಹನಿ ಸವರಿ ಗಾಳಿಗೆ ಆರಲು ಬಿಡಿ, ಸೋಪು ಹಚ್ಚಬೇಡಿ. ನೋವು ಕಡಿಮೆ ಇರುವ ಕಡೆಯಿಂದ ಮೊದಲು ಕುಡಿಸಿ. ಸಿಸೇರಿಯನ್ ಗಾಯಕ್ಕೆ ಭಾರ ಬೀಳದಂತೆ ಕೂಸನ್ನು ಕಂಕುಳ ಕೆಳಗೆ, ಕೊಡ ಹಿಡಿದಂತೆ ಹಿಡಿದು ಕುಡಿಸುವುದು ನನಗೆ ಬಹಳ ಅನುಕೂಲವಾಗಿತ್ತು.

ಹಾಸನ ಜಿಲ್ಲೆಯಿಂದ, ಹೆರಿಗೆ ವಾರ್ಡಿನಲ್ಲಿ 28 ವರ್ಷ ದಾದಿಯಾಗಿದ್ದವರು

ಮೇಲಿನವರು ಹಿಡಿತದ ಬಗ್ಗೆ ಬರೆದಿರುವುದಕ್ಕೆ ಸೇರಿಸಲು ನನ್ನಲ್ಲಿ ಹೆಚ್ಚಿಲ್ಲ ತಂಗಿ. ನಾನು ಕಂಡ ತೊಟ್ಟಿನ ಗಾಯಗಳಲ್ಲಿ ಬಹುಪಾಲು ಹಿಡಿತ ಸರಿಯಾದ ಎರಡು ಮೂರು ದಿನಗಳಲ್ಲಿ ಮಾಯುತ್ತಿದ್ದವು. ಬೇರೆ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಸಿಸೇರಿಯನ್ ಆದವರಿಗೆ ಹಾಲು ತುಂಬಿಕೊಳ್ಳುವುದು ಒಂದೆರಡು ದಿನ ತಡವಾಗಬಹುದು, ಅದಕ್ಕೆ ಎದೆಗುಂದಬೇಕಾಗಿಲ್ಲ. ಎದೆ ಕಲ್ಲಿನಂತೆ ಬಿಗಿದು ಕೂಸಿಗೆ ಹಿಡಿಯಲು ಆಗದಿದ್ದರೆ, ಮೊದಲು ಕೈಯಿಂದ ಸ್ವಲ್ಪ ಹಾಲು ಹಿಂಡಿ ಕಪ್ಪು ಭಾಗವನ್ನು ಮೆತ್ತಗೆ ಮಾಡಿಕೊಂಡು ಆಮೇಲೆ ಹಿಡಿಸಿ. ಕುಡಿಸಿದ ಮೇಲೆ ತಣ್ಣೀರಿನ ಬಟ್ಟೆ ಇಡಿ. ಹಾಲು ಕಟ್ಟಿಕೊಂಡಿತೆಂದು ಜೋರಾಗಿ ತಿಕ್ಕುವ, ಗಂಟನ್ನು ಹಿಸುಕುವ ಪದ್ಧತಿಯನ್ನು ಬಿಡಬೇಕು, ಅದರಿಂದ ಬಾವು ಹೆಚ್ಚುತ್ತದೆ. ಎದೆಯ ಒಂದು ಭಾಗ ಕೆಂಪಗೆ ಬಿಸಿಯಾಗಿ, ಚಳಿಜ್ವರ ಬಂದರೆ ವೈದ್ಯರನ್ನು ಕಾಣಿರಿ. ಆಗಲೂ ಆ ಎದೆಯಿಂದ ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ‘ಜ್ವರದ ಹಾಲು ಕೂಸಿಗೆ ಆಗದು’ ಎಂಬ ಮಾತು ನಿಜವಲ್ಲ, ಹಾಲು ಒಳಗೇ ನಿಂತರೆ ಕೀವಾಗುವ ಅಪಾಯ ಹೆಚ್ಚು. ಯಾವ ಔಷಧಿ ಬರೆಸಿಕೊಳ್ಳುವಾಗಲೂ ‘ಕೂಸಿಗೆ ಹಾಲು ಕೊಡುತ್ತಿದ್ದೇನೆ’ ಎಂದು ಹೇಳುವುದನ್ನು ಮರೆಯಬಾರದು.

ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಕಾಯದೆ ಅಂದೇ ಕೂಸನ್ನು ಆಸ್ಪತ್ರೆಗೆ ಕರೆದೊಯ್ಯಬೇಕು: ಎಬ್ಬಿಸಿದರೂ ಏಳದೆ, ಮೊಲೆ ಚೀಪಲು ಶಕ್ತಿಯಿಲ್ಲದೆ ಜೋಲುವುದು, ದಿನಕ್ಕೆ ಆರಕ್ಕಿಂತ ಬಹಳ ಕಡಿಮೆ ಮೂತ್ರ, ಅಂಗೈ ಅಂಗಾಲುಗಳವರೆಗೂ ಹರಡಿದ ಕಾಮಾಲೆ, ಜ್ವರ ಅಥವಾ ಮೈ ತಣ್ಣಗಾಗುವುದು, ಪಕ್ಕೆ ಒಳಕ್ಕೆ ಎಳೆದುಕೊಂಡು ಉಸಿರಾಡುವುದು, ಫಿಟ್ಸ್. ಅತ್ತು ಕುಡಿಯುವ ಕೂಸಿಗಿಂತ ಅಳದೆ ಸುಮ್ಮನೆ ಮಲಗಿಯೇ ಇರುವ ಕೂಸಿನ ಬಗ್ಗೆ ನಾವು ವಾರ್ಡಿನಲ್ಲಿ ಹೆಚ್ಚು ಎಚ್ಚರ ವಹಿಸುತ್ತಿದ್ದೆವು. ಹುಟ್ಟಿದ ತೂಕಕ್ಕೆ ಮರಳುವವರೆಗೆ ಮೂರು ಗಂಟೆಗಿಂತ ಹೆಚ್ಚು ಮಲಗಿದರೆ ಎಬ್ಬಿಸಿ ಕುಡಿಸಿ.

ಧಾರವಾಡದಿಂದ, ಮೂರು ಬಾಣಂತನ ಮಾಡಿದ ಅಜ್ಜಿ

ಮಗಳೇ, ನಾನು ನನ್ನ ಹೆಣ್ಣುಮಕ್ಕಳಿಬ್ಬರ ಮತ್ತು ಸೊಸೆಯ ಬಾಣಂತನಗಳನ್ನು ಮಾಡಿದ್ದೇನೆ, ಮೊದಲನೆಯದರಲ್ಲಿ ಮಾಡಿದ ತಪ್ಪನ್ನು ಮೂರನೆಯದರಲ್ಲಿ ಮಾಡಲಿಲ್ಲ. ಹಿರಿಯ ಮಗಳ ಕೂಸಿಗೆ ಹುಟ್ಟಿದ ದಿನ ಜೇನುತುಪ್ಪ ನೆಕ್ಕಿಸಿ, ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸಿದೆ. ಆ ಗಿಣ್ಣುಹಾಲೇ ಕೂಸಿಗೆ ರೋಗ ತಡೆಯುವ ಶಕ್ತಿಯನ್ನು ಕೊಡುವಂಥದ್ದು ಎಂದೂ, ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಕೂಸಿಗೆ ಅಪಾಯವೆಂದೂ ಸೊಸೆಯ ಹೆರಿಗೆಯ ಹೊತ್ತಿಗೆ ವೈದ್ಯರು ಕೂರಿಸಿಕೊಂಡು ತಿಳಿಸಿದರು. ಆರು ತಿಂಗಳವರೆಗೆ ಸಕ್ಕರೆ ನೀರು, ಘುಟ್ಟಿ, ಗ್ರೈಪ್ ವಾಟರ್ ಯಾವುದೂ ಬೇಡ. ಬೇಸಿಗೆಯಲ್ಲಿಯೂ ಕೂಸಿಗೆ ಬೇರೆ ನೀರು ಬೇಡ. ವೈದ್ಯರು ಬರೆದುಕೊಡುವ ಡಿ ಜೀವಸತ್ವದ ಹನಿಗಳನ್ನು ಮಾತ್ರ ತಪ್ಪದೆ ಹಾಕಬೇಕು.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಎಂದು ಲೋಟ ಎಣಿಸಿ ಕೊಡುವವರು ನಮ್ಮ ಕಡೆ ಈಗಲೂ ಇದ್ದಾರೆ. ನಿಮ್ಮ ತಾಯಿಯವರಿಗೆ ನನ್ನ ಹೆಸರಿನಲ್ಲಿಯೇ ಹೇಳಿ, ಬಾಯಾರಿದಷ್ಟೂ ಕುಡಿಯಲು ಕೊಡಲಿ, ಕೂಸಿಗೆ ಹಾಲೂಡಿಸಲು ಕುಳಿತಾಗಲೆಲ್ಲ ಒಂದು ತಂಬಿಗೆ ನೀರು ಕೈಗೆಟಕುವಲ್ಲಿ ಇರಲಿ. ಅಳವಿ ಪಾಯಸ, ಅಂಟಿನುಂಡೆ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಹಾಕಿದ ಸಾರು ಎಲ್ಲವನ್ನೂ ಪ್ರೀತಿಯಿಂದ ಮಾಡಿ ಬಡಿಸಿದ್ದೇನೆ, ಮೈಗೆ ಬಲ ಬರುತ್ತದೆ. ಆದರೆ ಪತ್ಯವೆಂದು ಬೇಳೆ, ಹಣ್ಣು, ತರಕಾರಿ, ಮೊಸರುಗಳನ್ನು ನಿಲ್ಲಿಸಿ ಬರೀ ಅನ್ನ–ಮೆಣಸಿನ ಪುಡಿಯ ಮೇಲೆ ಬಾಣಂತಿಯನ್ನು ಇಡುವುದು ಸರಿಯಲ್ಲ. ಹಾಲು ಹೆಚ್ಚಲು ಇವೆಲ್ಲಕ್ಕಿಂತ ಮುಖ್ಯವಾದದ್ದು ಬಾಣಂತಿಗೆ ನಿದ್ದೆ. ಕೂಸು ಕುಡಿದು ಬಿಟ್ಟ ಮೇಲೆ ತೇಗು ಬರಿಸುವುದು, ಲಂಗೋಟಿ ಬದಲಿಸುವುದು, ತೊಟ್ಟಿಲು ತೂಗುವುದು ನಮ್ಮ ಕೆಲಸ. ತಾಯಿ ಆಗ ಕಣ್ಣು ಮುಚ್ಚಬೇಕು. ನೋಡಲು ಬರುವವರನ್ನು ಹಜಾರದಲ್ಲಿಯೇ ಮಾತನಾಡಿಸಿ ಕಳುಹಿಸುವ ಹೊಣೆಯನ್ನೂ ನಿಮ್ಮ ತಾಯಿ ವಹಿಸಿಕೊಳ್ಳಲಿ.

ಬೆಂಗಳೂರಿನಿಂದ, ಉದ್ಯೋಗದಲ್ಲಿರುವ ತಾಯಿ

ಕೆಲಸಕ್ಕೆ ಮರಳುವ ಚಿಂತೆಯನ್ನು ಈಗಲೇ ಹಚ್ಚಿಕೊಳ್ಳಬೇಡಿ, ಆದರೆ ನಿಮ್ಮ ಹಕ್ಕುಗಳು ತಿಳಿದಿರಲಿ. 2017ರ ತಿದ್ದುಪಡಿಯಿಂದ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಬಂದ, 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆಯಡಿ ಮುಂದುವರಿದಿರುವ ನಿಯಮದಂತೆ ಮೊದಲ ಇಬ್ಬರು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಇದೆ. ಹೆರಿಗೆಗೆ ಮೊದಲು ತೆಗೆದುಕೊಂಡ ವಾರಗಳೂ ಇದರಲ್ಲಿಯೇ ಸೇರುತ್ತವೆ. ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳು ಸಿಗಬೇಕು, 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯವಿರಬೇಕು. ನನ್ನ ಕಚೇರಿಯಲ್ಲಿ ಹಾಲು ಹಿಂಡಲು ಜಾಗವನ್ನೇ ಕೊಟ್ಟಿರಲಿಲ್ಲ. ಎರಡು ವಾರ ಶೌಚಾಲಯದಲ್ಲಿ ನಿಂತು ಹಿಂಡಿ ಚೆಲ್ಲಿದ ಮೇಲೆ, ಈ ನಿಯಮಗಳನ್ನು ಉಲ್ಲೇಖಿಸಿ ಪತ್ರ ಬರೆದುದರಿಂದ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಕೋಣೆ ಸಿಕ್ಕಿತು. ನೀವು ರಜೆ ಮುಗಿಯುವ ಒಂದು ತಿಂಗಳ ಮೊದಲೇ ಪತ್ರ ಬರೆಯಿರಿ.

ಹಿಂಡುವ ಅಭ್ಯಾಸವನ್ನು ಕೆಲಸಕ್ಕೆ ಸೇರುವ ಮೂರು ವಾರ ಮೊದಲು ಆರಂಭಿಸಿದರೆ ಸಾಕು. ಬೆಳಗ್ಗೆ ಎದ್ದಾಗ ಹಾಲು ಹೆಚ್ಚಿರುತ್ತದೆ. ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಟ್ಟ ಹಾಲು ಹೊರಗೆ ನಾಲ್ಕು ಗಂಟೆ ಉಳಿಯುತ್ತದೆ, ಆದರೆ ಆ ಲೆಕ್ಕ 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಗೆ. ದಾವಣಗೆರೆಯ ಬೇಸಿಗೆಯಲ್ಲಿ ಬೇಗನೆ ಫ್ರಿಜ್ಜಿಗೆ ಸೇರಿಸಿಬಿಡಿ. ಫ್ರಿಜ್ಜಿನ ಒಳಬದಿಯಲ್ಲಿಟ್ಟ ಹಾಲನ್ನು ನಾನು 24 ಗಂಟೆಗಳೊಳಗೆ ಮುಗಿಸುತ್ತಿದ್ದೆ. ವಿದ್ಯುತ್ ಆಗಾಗ ಹೋಗುವ ಊರಿನಲ್ಲಿ ಅದಕ್ಕಿಂತ ಹೆಚ್ಚು ಇಡದಿರುವುದೇ ಕ್ಷೇಮ. ಎದೆಹಾಲನ್ನು ಒಲೆಯ ಮೇಲೆ ಕುದಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಬೇಕು. ಮೇಲೆ ಕೆನೆ ಬೇರೆಯಾಗಿ ನಿಂತರೆ ಹಾಲು ಕೆಟ್ಟಿತೆಂದು ಚೆಲ್ಲಬೇಡಿ, ಮೆಲ್ಲಗೆ ಕಲಕಿದರೆ ಸೇರಿಕೊಳ್ಳುತ್ತದೆ.

ಮೈಸೂರಿನಿಂದ, ತಿಂಗಳು ತುಂಬದೆ ಹುಟ್ಟಿದ ಮಗುವಿನ ತಾಯಿ

ನನ್ನ ಮಗ 33ನೆಯ ವಾರಕ್ಕೆ ಹುಟ್ಟಿದ. ಮೊಲೆ ಚೀಪುವ ಶಕ್ತಿ ಇಲ್ಲದ್ದರಿಂದ ಎರಡು–ಮೂರು ಗಂಟೆಗೊಮ್ಮೆ ಹಾಲು ಹಿಂಡಿ, ನಮ್ಮ ಅಜ್ಜಿಯ ಕಾಲದ ಒಳಲೆಯಂಥದ್ದೇ ಒಂದು ಚಿಕ್ಕ ಸ್ಟೀಲ್ ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸಲು ದಾದಿಯರು ಕಲಿಸಿದರು. ಬಾಟಲಿಗಿಂತ ಒಳಲೆಯನ್ನು ತೊಳೆದು ಕುದಿಸುವುದು ಸುಲಭ, ಕೂಸಿಗೆ ರಬ್ಬರಿನ ತೊಟ್ಟಿನ ಅಭ್ಯಾಸವೂ ಆಗುವುದಿಲ್ಲ. ಆದರೂ ಮೊದಲ ವಾರಗಳಲ್ಲಿ ನನ್ನ ಹಾಲು ಪೂರ್ತಿ ಸಾಲಲಿಲ್ಲ, ವೈದ್ಯರು ಅಳತೆ ಹೇಳಿ ಪುಡಿ ಹಾಲನ್ನೂ ಕೊಡಿಸಿದರು. ತೂಕ ನೋಡಿದ ಮೇಲೆ ನಿಮಗೂ ವೈದ್ಯರು ಹಾಗೆ ಹೇಳಿದರೆ ಅದನ್ನು ನಿಮ್ಮ ಸೋಲೆಂದು ಎಣಿಸಬೇಡಿ. ಪ್ರತಿ ಸಲವೂ ಮೊದಲು ಎದೆಗೆ ಹಾಕಿ, ಆಮೇಲೆ ಹೇಳಿದಷ್ಟನ್ನು ಕೊಟ್ಟು, ನಂತರ ಹಿಂಡುತ್ತಾ ಹೋದದ್ದರಿಂದ ಮೂರನೆಯ ತಿಂಗಳಿಗೆ ನನ್ನ ಮಗ ಪೂರ್ತಿ ಎದೆಹಾಲಿಗೆ ಬಂದ. ಆ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುತ್ತಿತ್ತು. ಎರಡು ವಾರಗಳಾದರೂ ನಿಲ್ಲದಿದ್ದಾಗ ವೈದ್ಯರಿಗೆ ಹೇಳಿಕೊಂಡೆ, ಚಿಕಿತ್ಸೆಯಿಂದ ವಾಸಿಯಾಯಿತು. ನಿಮಗೂ ಹಾಗಾದರೆ ಮುಚ್ಚಿಡಬೇಡಿ.

ದಾವಣಗೆರೆಯಿಂದ, ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಡಬ್ಬಿಯನ್ನು ಇನ್ನೂ ತೆರೆದಿಲ್ಲ. ಲಂಗೋಟಿ ಎಣಿಸಲು ಆರಂಭಿಸಿದ ದಿನವೇ ಏಳು ಬಂದವು, ಮರುದಿನ ಎಂಟು. ನಿನ್ನೆ 14ನೆಯ ದಿನ ಆಶಾ ಕಾರ್ಯಕರ್ತೆಯವರು ಬಂದು ತೂಕ ಮಾಡಿದರು: 2 ಕೆ.ಜಿ. 920 ಗ್ರಾಂ. ಅಮ್ಮ ಆ ಅಂಕಿಯನ್ನು ಮೂರು ಸಲ ಓದಿಸಿಕೊಂಡು, ಅಜ್ಜಿಯವರು ಬರೆದದ್ದನ್ನೂ ಕೇಳಿಸಿಕೊಂಡು, ರಾತ್ರಿ ಒಂದು ದೊಡ್ಡ ತಂಬಿಗೆ ನೀರನ್ನು ತಾನೇ ತಂದಿಟ್ಟಳು. ಕಂಕುಳ ಕೆಳಗೆ ಹಿಡಿದರೆ ಬಲಗಡೆ ಈಗ ನೋಯುವುದಿಲ್ಲ. ಎಡಗಡೆಯ ಗಾಯ ಅರ್ಧ ಮಾತ್ರ ಮಾಗಿದೆ. ನಾಳೆ ಹೊಲಿಗೆ ತೋರಿಸಲು ಹೋದಾಗ, ದಾದಿಯವರ ಎದುರಿನಲ್ಲಿಯೇ ಆ ಕಡೆಯಿಂದ ಕುಡಿಸಿ ಹಿಡಿತ ಸರಿಯಿದೆಯೇ ಎಂದು ಕೇಳುತ್ತೇನೆ.